ಪಿಳ್ಳಣ್ಣ ಬೇಳೆ ರೇಟು ಇಳಿಸಿದ್ದು

ಕೋಡಿಸಂದ್ರದ ಪಿಳ್ಳಣ್ಣ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕತೆ ಮುಗಿಯುವ ಹೊತ್ತಿಗೆ ನಿಮಗೆ ಅನುಮಾನ ಬಂದರೂ ಬರಬಹುದು. ಅವನು ಆಡಿದ ಮಾತುಗಳನ್ನು ಬಿಡಿಬಿಡಿಯಾಗಿ ತೆಗೆದು ನೋಡಿದರೆ ಒಂದೊಂದೂ ನಿಜವೇ. ಎಲ್ಲವನ್ನೂ ಒಟ್ಟಿಗೆ ಸೇರಿಸಿದಾಗ ಅದು ಬೇರೆಯೇ ಏನೋ ಆಗಿಬಿಡುತ್ತಿತ್ತು. ಅದಕ್ಕೆ ಅವನೇನು ಮಾಡಿಯಾನು, ಪಾಪ!

ಅವನು ದೇವನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್. ಯಾವ ಸಾಮಾನು ಅಂಗಡಿಯಲ್ಲಿ ಎಷ್ಟಕ್ಕೆ ಹೋಗುತ್ತಿದೆ ಎಂದು ವಾರವಾರ ವಿಚಾರಿಸಿ, ಬರೆದು, ಮೇಲಕ್ಕೆ ಕಳಿಸುವುದು ಆ ಕಚೇರಿಯ ಕೆಲಸ. ಬರೆಯಬೇಕಾದವನು ಗುಮಾಸ್ತ ಬೀರೇಶ್. ಆದರೆ ಬೀರೇಶನಿಗೆ ಬಿಸಿಲು ಆಗಿಬರುತ್ತಿರಲಿಲ್ಲ. ತೊಂಬತ್ತರ ದಶಕದ ಆ ವರ್ಷ, ಗೌರಿ ಹಬ್ಬ ಕಳೆದ ಮೇಲೆ, "ಪಿಳ್ಳಣ್ಣ, ಹೆಂಗೂ ದಿನಾ ಊರಿಗೆ ಹೋಗ್ತೀಯಲ್ಲ, ನಿಮ್ಮೂರ ಅಂಗಡೀಲಿ ಇಷ್ಟು ಕೇಳಿ ಬರ್ಕೊಂಡು ಬಂದ್ಬಿಡಪ್ಪ," ಎಂದು ಅಚ್ಚು ಹಾಕಿಸಿದ ಫಾರಂಗಳ ಕಟ್ಟೊಂದನ್ನು ಅವನ ಕೈಗೆ ಹಾಕಿದ. ಇಪ್ಪತ್ತೆರಡು ಸಾಮಾನಿನ ಹೆಸರು, ಎದುರಿಗೆ ಇಪ್ಪತ್ತೆರಡು ಖಾಲಿ ಮನೆ. ಹದಿನೆಂಟು ವರ್ಷ ಕಾಫಿ ಲೋಟ ಹೊತ್ತವನಿಗೆ ಬರೆಯುವ ಕೆಲಸ ಸಿಕ್ಕಿತೆಂದರೆ ಸುಮ್ಮನೆಯೇ? ಪಿಳ್ಳಣ್ಣ ಅವತ್ತೇ ಎರಡು ಪೆನ್ನು ಕೊಂಡು ಜೇಬಿಗೆ ಸಿಕ್ಕಿಸಿದ. ಒಂದು ಬರೆಯುವುದಕ್ಕೆ, ಇನ್ನೊಂದು ಕಾಣುವುದಕ್ಕೆ.

ಸಾಯಂಕಾಲ ಸೈಕಲ್ ಇಳಿದವನೇ ಆದಿನಾರಾಯಣಪ್ಪನ ದಿನಸಿ ಅಂಗಡಿಯ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಒಂದೊಂದೇ ಬೆಲೆ ಕೇಳಿ ಬರೆಯತೊಡಗಿದ. ಬೀಡಿ ಕೊಳ್ಳಲು ಬಂದ ಅಪ್ಪಯ್ಯಣ್ಣ, ಊರಲ್ಲಿ ಆಲೂಗಡ್ಡೆ ಬೆಳೆಯುವ ದೊಡ್ಡ ಕುಳ, ಬಗ್ಗಿ ನೋಡಿದ.

"ಏನ್ ಬರೀತಿದ್ದೀಯ ಪಿಳ್ಳಣ್ಣ?"

"ರೇಟು."

"ಯಾರಿಗೆ?"

"ದಿಲ್ಲಿಗೆ."

"ದಿಲ್ಲಿಯೋರು ಅದನ್ನಿಟ್ಕೊಂಡು ಏನ್ ಮಾಡ್ತಾರೆ?"

"ರೇಡಿಯೋದಲ್ಲಿ ಹೇಳ್ತಾರೆ. ಸಂಬಳ ಏರಿಸ್ತಾರೆ. ಎಲ್ಲಾ ಇದನ್ನ ನೋಡ್ಕೊಂಡೇ ಮಾಡೋದು ಕಣಣ್ಣ," ಎಂದು ಪಿಳ್ಳಣ್ಣ ಫಾರಂನ ಮೇಲೆ ಬೆರಳು ಕುಟ್ಟಿದ.

ನೋಡಿ, ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಇಷ್ಟಕ್ಕೇ ನಿಂತಿದ್ದರೆ ಈ ಕತೆಯೂ ಇರುತ್ತಿರಲಿಲ್ಲ. ಆದರೆ ಅಪ್ಪಯ್ಯಣ್ಣ ಬಗ್ಗಿ ನೋಡುತ್ತಿದ್ದ ಗಾಬರಿಯಲ್ಲಿ ಪಿಳ್ಳಣ್ಣ, ಈರುಳ್ಳಿಗೆ ಒಂಬತ್ತು ಎಂದು ಬರೆಯುವ ಬದಲು ಆರು ಎಂದು ಬರೆದುಬಿಟ್ಟ. ಸರ್ಕಾರಿ ಕಾಗದದಲ್ಲಿ ಹೊಡೆದು ತಿದ್ದಿದರೆ ಬೀರೇಶ್ ಏನಂದಾನೋ ಎಂದು ಹಾಗೇ ಬಿಟ್ಟ. ಹತ್ತು ದಿನದಲ್ಲಿ ಎಲ್ಲೆಲ್ಲಿಂದಲೋ ಹೊಸ ಈರುಳ್ಳಿಯ ಲಾರಿಗಳು ಬಂದು, ಈರುಳ್ಳಿ ನಿಜವಾಗಿಯೂ ಆರು ರೂಪಾಯಿಗೆ ಇಳಿದು ಕೂತಿತು.

"ನಾನೇ ಕಣ್ಣಾರೆ ಕಂಡೆ ಕಣ್ರಯ್ಯ! ಒಂಬತ್ತಿತ್ತು. ಇವ್ನು ಆರು ಅಂತ ಬರ್ದ. ಆರಾಯ್ತು!" ಅಪ್ಪಯ್ಯಣ್ಣ ಬೀದಿಬೀದಿಯಲ್ಲಿ ಹೇಳಿಕೊಂಡು ಬಂದ.

ಪಿಳ್ಳಣ್ಣ ಅಲ್ಲವೆನ್ನಬೇಕಿತ್ತು. ಅನ್ನೋಣವೆಂದು ಬಾಯಿಯನ್ನೂ ತೆರೆದ. ಆದರೆ ಅವನಿಗೇ ಒಂದು ಸಣ್ಣ ಅನುಮಾನ ಬಂತು: ಇದ್ದರೂ ಇರಬಹುದಾ?

ಮಾರನೆಯ ದಿನದಿಂದ ಅವನ ಮನೆಯ ಜಗಲಿ ತಾಲ್ಲೂಕು ಕಚೇರಿಯಂತಾಯಿತು. ಮೊದಲು ಅಪ್ಪಯ್ಯಣ್ಣ ಒಂದು ಬುಟ್ಟಿ ಆಲೂಗಡ್ಡೆ ತಂದಿಟ್ಟ. "ಆಲೂಗಡ್ಡೆ ಎರಡ್ರೂಪಾಯಿ ಜಾಸ್ತಿ ಬರಿ ಗುರು. ಈಗ ತಾನೇ ಅಗೀತಿದ್ದೀನಿ." ಅವನ ಹಿಂದೆಯೇ ಪ್ರೈಮರಿ ಶಾಲೆಯ ವೇಣುಗೋಪಾಲ್ ಮೇಷ್ಟ್ರು ಬಂದರು. ಅವರದು ವಿಶಾಲವಾದ ಹೃದಯ. "ಒಂದೇ ಸಾಮಾನಿಗೆ ಯಾಕಪ್ಪ ಪಕ್ಷಪಾತ? ಎಲ್ಲದಕ್ಕೂ ಒಂದೊಂದು ರೂಪಾಯಿ ಏರಿಸು. ಜನವರೀಲಿ ನಮ್ಮ ತುಟ್ಟಿಭತ್ಯೆ ತೀರ್ಮಾನ ಆಗುತ್ತೆ," ಎಂದರು. ಅಷ್ಟು ಹೇಳಿದ್ದೇ ತಡ, ಹೆಂಗಸರು ಮೇಷ್ಟ್ರ ಮೇಲೆ ಬಿದ್ದರು. "ನಿಮ್ಗೆ ಭತ್ಯೆ ಬರುತ್ತೆ, ನಮ್ಗೆ ಯಾವನು ಕೊಡ್ತಾನೆ? ಸೀಮೆಎಣ್ಣೆ ಇಳಿಸಣ್ಣ! ಬೇಳೆ ಇಳಿಸಣ್ಣ!"

ಬಂದವರಿಗೆಲ್ಲ ಕಾಫಿ ಕಾಯಿಸಿ ಕಾಯಿಸಿ ಸೋತುಹೋದ ಅವನ ಹೆಂಡತಿ ಅನಸೂಯ ಒಳಗಿನಿಂದ ಕೂಗಿದಳು: "ಮೊದ್ಲು ಸಕ್ಕರೆ ಇಳಿಸ್ರಿ! ಡಬ್ಬ ಖಾಲಿಯಾಯ್ತು!"

ಯಾರ ಮನಸ್ಸನ್ನೂ ನೋಯಿಸುವವನಲ್ಲ ನಮ್ಮ ಪಿಳ್ಳಣ್ಣ. ಆಲೂಗಡ್ಡೆ ಏರಿಸುತ್ತೇನೆಂದ, ಸೀಮೆಎಣ್ಣೆ ಇಳಿಸುತ್ತೇನೆಂದ, ಮೇಷ್ಟ್ರಿಗೆ ಉಪ್ಪು ಮತ್ತು ಬೆಂಕಿಪೊಟ್ಟಣದಲ್ಲಿ ಹೊಂದಿಸಿಕೊಡುತ್ತೇನೆಂದ.

ಆ ಹೊತ್ತಿಗೆ ಬಂದಳು ಅವನ ಅಕ್ಕ ಮುನಿರತ್ನಮ್ಮ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಬೆಳೆಸಿದವಳು. ಅದೇ ಊರಿಗೆ ಕೊಟ್ಟಿದ್ದರು. ದೀಪಾವಳಿ ಕಳೆದು ಹದಿನೈದು ದಿನಕ್ಕೆ ಅವಳ ಮಗಳ ಮದುವೆ. ರೇಷ್ಮೆಗೂಡು ಮಾರಿದ ದುಡ್ಡನ್ನು ಮುಟ್ಟದೆ ಇಟ್ಟುಕೊಂಡು ಒಂದೊಂದೇ ಸಾಮಾನು ಹೊಂದಿಸುತ್ತಿದ್ದಳು.

"ಪಿಳ್ಳ, ತೊಗರಿಬೇಳೆ ಇಪ್ಪತ್ತೆರಡು ಅಂತವ್ರೆ. ಐವತ್ತು ಕೆಜಿ ಬೇಕು. ಈಗ್ಲೇ ತಗೊಂಡ್ಬಿಡ್ಲೇನೋ?"

ಜಗಲಿಯಲ್ಲಿ ಇಪ್ಪತ್ತು ಜನ ಇದ್ದರು. ಇಪ್ಪತ್ತು ಜನರೂ ಪಿಳ್ಳಣ್ಣನ ಬಾಯನ್ನೇ ನೋಡಿದರು. ಅಷ್ಟು ಜನ ತನ್ನ ಬಾಯಿ ನೋಡಿದ್ದು ಅವನ ಜನ್ಮದಲ್ಲಿ ಅದೇ ಮೊದಲು.

"ಬೇಡಕ್ಕ," ಎಂದ ಪಿಳ್ಳಣ್ಣ, ಎದೆ ತಟ್ಟಿಕೊಂಡು. "ಸುಮ್ನೆ ಯಾಕೆ ದುಡ್ಡು ಸುರೀತೀಯ? ನಿನ್ ಮಗಳ ಮದುವೆ ಹೊತ್ಗೆ ಹದಿನಾರಕ್ಕೆ ಇಳಿಸ್ತೀನಿ. ಇದು ನನ್ ಮಾತು."

ಮುನಿರತ್ನಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿ, "ಆಗ್ಲಪ್ಪ," ಎಂದು ಎದ್ದುಹೋದಳು. ಮೂಲೆಯಲ್ಲಿ ಕೂತಿದ್ದ ಅಂಜಿನಮ್ಮ, ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವ ಕೂಲಿಗೆ ಹೋಗುವ ವಿಧವೆ, ಸೆರಗಿನ ಗಂಟು ಮುಟ್ಟಿ ನೋಡಿಕೊಂಡು, "ಹಂಗಾರೆ ನಾನೂ ಕಾಯ್ತೀನಿ ಕಣಣ್ಣ. ದೀಪಾವಳಿ ಆದ್ಮೇಲೆ ನನ್ ಮೊಮ್ಮಗನಿಗೆ ಹೆಸರಿಡ್ಬೇಕು," ಎಂದಳು.

ಅಂದಿನಿಂದ ಪಿಳ್ಳಣ್ಣ ನಿಷ್ಠೆಯಿಂದ ಬೇಳೆ ಇಳಿಸಲು ಕೂತ. ಮೊದಲ ವಾರ ಇಪ್ಪತ್ತೊಂದು ಎಂದು ಬರೆದ. ಅಂಗಡಿಯಲ್ಲಿ ಇಪ್ಪತ್ನಾಲ್ಕಾಯಿತು. ಸರ್ಕಾರದ ಕೆಲಸ ತಾನೇ, ನಿಧಾನ ಎಂದುಕೊಂಡ. ಮುಂದಿನ ವಾರ ಇಪ್ಪತ್ತು ಬರೆದ. ಇಪ್ಪತ್ತೇಳಾಯಿತು. ತಾನು ತೀರ ಮೆಲ್ಲಗೆ ಎಳೆಯುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿ, ಪೆನ್ನು ಒತ್ತಿ, ಹಾಳೆ ತೂತಾಗುವ ಹಾಗೆ ಹದಿನೆಂಟು ಎಂದು ಬರೆದ. ಬೇಳೆ ಮೂವತ್ತೊಂದಕ್ಕೆ ಹೋಯಿತು.

ಇತ್ತ ಆದಿನಾರಾಯಣಪ್ಪನ ಅಂಗಡಿಯಲ್ಲಿ ದಿನಾ ಜಗಳ.

"ಹದಿನೆಂಟು ಅಂತ ಪಿಳ್ಳಣ್ಣ ದಿಲ್ಲಿಗೇ ಬರ್ದವ್ನೆ, ನೀನ್ಯಾವನಯ್ಯ ಮೂವತ್ತೊಂದು ಕೇಳಕ್ಕೆ?"

"ಹಂಗಾದ್ರೆ ದಿಲ್ಲಿಗೇ ಹೋಗಿ ಬೇಳೆ ತಗೊಳ್ರಮ್ಮ!" ಎಂದು ಕೂಗಿ ಕೂಗಿ ಆದಿನಾರಾಯಣಪ್ಪನ ಗಂಟಲು ಕಟ್ಟಿತು. ಕೊನೆಗೆ ಅಂಗಡಿಗೆ ಬೀಗ ಹಾಕಿ, ಬಿಳಿ ಶರಟು ಹಾಕಿಕೊಂಡು, ನೇರ ದೇವನಹಳ್ಳಿಯ ಕಚೇರಿಗೇ ಹೋದ.

ಸಾಹೇಬರು ಬೋಂಡ ತಿನ್ನುತ್ತಿದ್ದರು. ತಂದಿಟ್ಟವನು ಪಿಳ್ಳಣ್ಣನೇ. ಆದಿನಾರಾಯಣಪ್ಪ ಕೈಮುಗಿದು ಇರುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ಈವಯ್ಯ ಬೆಲೆ ಬರೆಯೋದು ನಿಲ್ಸಿ ಸ್ವಾಮಿ, ಇಲ್ದಿದ್ರೆ ನಾನು ಅಂಗಡಿ ಮುಚ್ಕೊಂಡು ಹೋಗ್ತೀನಿ," ಎಂದ. ಕೆಲಸ ಹೋಯಿತು ಎಂದುಕೊಂಡ ಪಿಳ್ಳಣ್ಣ. ಸರ್ಕಾರಿ ದಾಖಲೆ ತಿದ್ದಿದ್ದಕ್ಕೆ ಜೈಲಿಗೂ ಹಾಕಬಹುದು. ಕೇಳುವ ಮೊದಲೇ ಎಲ್ಲವನ್ನೂ ಒಪ್ಪಿಕೊಂಡ. "ತಪ್ಪಾಯ್ತು ಸಾರ್. ಒಂದು ತಿಂಗಳಿಂದ ದೇಶದ ಬೇಳೆ ರೇಟೆಲ್ಲ ನನ್ನಿಂದ ಏರುಪೇರಾಗೋಯ್ತು ಸಾರ್."

ಸಾಹೇಬರು ಬೋಂಡ ಕೆಳಗಿಟ್ಟರು. "ಬೀರೇಶ್! ಇವನು ಬರೆದ ಫಾರಂ ಎಲ್ಲಿ?"

ಬೀರೇಶ್ ತಲೆ ಕೆರೆದುಕೊಂಡ. "ಅದು... ಕಳಿಸೇ ಇಲ್ಲ ಸಾರ್. ಮೊದಲನೇ ವಾರಾನೇ ಈರುಳ್ಳಿ ತಪ್ಪು ಬರ್ದಿದ್ದ. ಅವತ್ತಿಂದ ನಾನೇ ವಿಜಯಪುರದ ಅಂಗಡಿಗೆ ಫೋನ್ ಮಾಡಿ ಕೇಳಿ ಬರ್ಕೋತಿದ್ದೀನಿ."

"ಮತ್ತೆ ಇವನನ್ನ ಯಾಕಯ್ಯ ಕಳಿಸ್ತಿದ್ದೆ?"

"ಬೇಡ ಅನ್ನಕ್ಕೆ ಮನಸ್ಸು ಬರ್ಲಿಲ್ಲ ಸಾರ್. ಎರಡೆರಡು ಪೆನ್ನು ಇಟ್ಕೊಂಡು ಬರ್ತಿದ್ದ."

"ಫಾರಂ ಎಲ್ಲಿ ಅಂದೆ."

ಬೀರೇಶ್ ಸಾಹೇಬರ ಮುಂದಿನ ಬೋಂಡವನ್ನು ನೋಡಿದ. ಸಾಹೇಬರು ಬೋಂಡದ ಕೆಳಗೆ ಹಾಸಿದ್ದ ಕಾಗದವನ್ನು ಮಗುಚಿದರು. ಎಣ್ಣೆ ಹೀರಿಕೊಂಡ ಹಾಳೆಯ ಇನ್ನೊಂದು ಮಗ್ಗುಲಲ್ಲಿ, ಪಿಳ್ಳಣ್ಣನ ದುಂಡಗಿನ ಅಕ್ಷರದಲ್ಲಿ, ತೊಗರಿಬೇಳೆ ಹದಿನೆಂಟು ರೂಪಾಯಿ ಎಂದಿತ್ತು. ಇಡೀ ಕಚೇರಿ ಬಿದ್ದುಬಿದ್ದು ನಕ್ಕಿತು. ಆದಿನಾರಾಯಣಪ್ಪನೂ ನಕ್ಕ. ಸಾಹೇಬರು ಕಣ್ಣೊರೆಸಿಕೊಂಡು, "ಅಲ್ಲಯ್ಯ, ಥರ್ಮಾಮೀಟರ್ ಮೇಲೆ ನಂಬರ್ ಅಳಿಸಿ ಬರೆದ್ರೆ ಜ್ವರ ಇಳಿಯುತ್ತಾ? ಹೋಗು, ಇನ್ನೆರಡು ಕಾಫಿ ತಗೊಂಡ್ಬಾ," ಎಂದರು.

ಬೈದಿದ್ದರೆ ಪಿಳ್ಳಣ್ಣ ತಡೆದುಕೊಳ್ಳುತ್ತಿದ್ದ. ಕೆಲಸದಿಂದ ತೆಗೆದಿದ್ದರೂ, ಒಂದು ದೊಡ್ಡ ತಪ್ಪು ಮಾಡಿದೆನಲ್ಲ ಎಂಬ ಸಮಾಧಾನ ಇರುತ್ತಿತ್ತು. ಇದು ಹಾಗಲ್ಲ. ಅವನ ಕೈಯಲ್ಲಿ ತಪ್ಪು ಮಾಡುವುದಕ್ಕೂ ಆಗಿರಲಿಲ್ಲ. ಕಾಫಿ ತರಲು ಹೋದವನು ಹೋಟೆಲಿನ ಹಿಂದುಗಡೆ ನಿಂತು ಎರಡೂ ಪೆನ್ನುಗಳನ್ನು ಜೇಬಿನಿಂದ ತೆಗೆದು ಚರಂಡಿಗೆ ಹಾಕಿದ.

ಅಂದಿನಿಂದ ಊರಿಗೆ ಹಿತ್ತಿಲ ದಾರಿಯಲ್ಲೇ ಬರುವುದು, ಹಿತ್ತಿಲ ದಾರಿಯಲ್ಲೇ ಹೋಗುವುದು. ಯಾರಾದರೂ "ಪಿಳ್ಳಣ್ಣ" ಎಂದು ಕೂಗಿದರೆ ಕಿವಿಯೇ ಕೇಳದವನಂತೆ ಸೈಕಲ್ ತುಳಿಯುವುದು. ಆದರೆ ಅಕ್ಕನಿಂದ ಎಷ್ಟು ದಿನ ತಪ್ಪಿಸಿಕೊಂಡಾನು? ದೀಪಾವಳಿ ಬಂತು, ಹೋಯಿತು. ಮದುವೆಗೆ ಎಂಟು ದಿನ ಉಳಿಯಿತು. ಬೇಳೆ ಮೂವತ್ನಾಲ್ಕಾಗಿತ್ತು. ಎತ್ತಿ ಆಡಿಸಿದ ಅಕ್ಕ, ತನ್ನ ಮಾತು ನಂಬಿ, ಮಗಳ ಮದುವೆಯಲ್ಲಿ ನೆಂಟರ ಮುಂದೆ ನೀರು ಸಾರು ಬಡಿಸಬೇಕು. ಆ ಯೋಚನೆ ಬಂದಾಗಲೆಲ್ಲ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಕಚೇರಿಯಲ್ಲಿ ಹಬ್ಬದ ಮುಂಗಡ ಅಂತ ಒಂದು ಸಾವಿರ ಕೊಟ್ಟಿದ್ದರು. ಅನಸೂಯಳಿಗೆ ಸೀರೆ ಎಂದು ತೆಗೆದಿಟ್ಟದ್ದು. ಸೈಕಲ್ ಮಾರಿದ್ದಕ್ಕೆ ಏಳುನೂರು ಬಂತು. ಎರಡನ್ನೂ ಸೇರಿಸಿ ಆದಿನಾರಾಯಣಪ್ಪನ ಮುಂದಿಟ್ಟು, ತಲೆ ತಗ್ಗಿಸಿಕೊಂಡು, "ಐವತ್ತು ಕೆಜಿ ಬೇಳೆ," ಎಂದ.

"ರಸೀದಿ ನಾನು ಬರೀಲಾ, ಇಲ್ಲ ನೀನೇ ಬರ್ಕೋತೀಯಾ?" ಎಂದ ಆದಿನಾರಾಯಣಪ್ಪ. ಆದರೆ ಪಿಳ್ಳಣ್ಣನ ಮುಖ ನೋಡಿ ತನ್ನ ಕೈಗಾಡಿಯನ್ನೂ ಕೊಟ್ಟ.

ದೀಪ ಹಚ್ಚುವ ಹೊತ್ತಿಗೆ ಪಿಳ್ಳಣ್ಣ ಮೂಟೆಯನ್ನು ಅಕ್ಕನ ನಡುಮನೆಯಲ್ಲಿ ಇಳಿಸಿ, ಬೆವರು ಒರೆಸಿಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. "ತಗೋ ಅಕ್ಕ, ಹೇಳಿದ್ನಲ್ಲ. ಹದಿನಾರು ರೂಪಾಯಿ. ಆಫೀಸಿಂದ ಸಿಕ್ತು."

ಹೌದು, ಇದು ಸುಳ್ಳೇ. ಮೊದಲಿಗೆ ಹೇಳಿದ ಮಾತನ್ನು ನಾನು ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕಾಗಿದೆ.

ಮುನಿರತ್ನಮ್ಮ ಮೂಟೆಯನ್ನು ನೋಡಿದಳು. ಬಾಗಿಲಾಚೆ ನೋಡಿದಳು. "ಸೈಕಲ್ ಎಲ್ಲೋ?"

"ರಿಪೇರಿಗೆ ಬಿಟ್ಟಿದ್ದೀನಿ."

ಅವಳು ಒಳಕೋಣೆಯ ಬಾಗಿಲು ತೆಗೆದಳು. ಗೋಡೆಗೆ ಆನಿಸಿಕೊಂಡು ಒಂದು ಮೂಟೆ ಕೂತಿತ್ತು. ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ತೋರಿಸಿದಳು. ತೊಗರಿಬೇಳೆ.

"ನೀನು ಇಳಿಸ್ತೀನಿ ಅಂದ್ಯಲ್ಲ, ಅದರ ಮಾರನೇ ದಿನಾನೇ ವಿಜಯಪುರಕ್ಕೆ ಹೋಗಿ ತಂದ್ಬಿಟ್ಟೆ. ಇಪ್ಪತ್ತೆರಡಕ್ಕೆ."

"ಯಾಕಕ್ಕ?"

"ಯಾಕೆ ಅಂದ್ರೆ? ಮುಂಗಾರು ತಡವಾಯ್ತು, ಅರ್ಧ ಹೊಲಕ್ಕೆ ತೊಗರಿ ಬಿತ್ತಲೇ ಇಲ್ಲ. ಹೊಲದಲ್ಲಿ ಇಲ್ದಿರೋದು ಅಂಗಡೀಲಿ ಎಲ್ಲಿಂದ ಅಗ್ಗ ಆಗುತ್ತೋ? ಕಣ್ಣಿರೋರಿಗೆ ಕಾಣುತ್ತೆ."

"ಅವತ್ತೇ ಹೇಳ್ಬಾರ್ದಾಗಿತ್ತಾ?"

"ಅಷ್ಟು ಜನದ ಮುಂದೆ ಎದೆ ತಟ್ಕೊಂಡು ಹೇಳ್ದೆ. ಒಡಹುಟ್ಟಿದ ನಾನೇ ನಂಬ್ಲಿಲ್ಲ ಅಂದ್ರೆ ಮುಖ ಎಲ್ಲಿಟ್ಕೋತಿದ್ದೆ ನೀನು?"

ಪಿಳ್ಳಣ್ಣ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಫಾರಂ, ಬೋಂಡ, ಸೈಕಲ್, ಮೂವತ್ನಾಲ್ಕು, ಎಲ್ಲವೂ ಒಂದರ ಹಿಂದೊಂದು ಹೊರಗೆ ಬಂದವು. "ಅಯ್ಯೋ ನನ್ ಕರ್ಮವೇ," ಎಂದಳು ಮುನಿರತ್ನಮ್ಮ. ನಗು ಬಂತು, ಅಳುವೂ ಬಂತು. ಆಮೇಲೆ ಎರಡನ್ನೂ ನಿಲ್ಲಿಸಿ ಹೇಳಿದಳು.

"ನನ್ನ ಚಿಂತೆ ಬಿಡು. ಅಂಜಿನಮ್ಮ ಇನ್ನೂ ಕಾಯ್ಕೊಂಡು ಕೂತವ್ಳೆ ಕಣೋ. ನಾಳಿದ್ದು ಮಗೂಗೆ ಹೆಸರಿಡ್ತಾರೆ. ತಗೊಂಡ್ಬಿಡೇ ಅಂತ ನಾನು ಎಷ್ಟು ಹೇಳ್ದೆ. 'ನಿನ್ ತಮ್ಮನೇ ಹೇಳವ್ನಲ್ಲಕ್ಕ' ಅಂದ್ಲು. ಆಮೇಲೆ ನನ್ ಬಾಯಿ ಕಟ್ಟೋಯ್ತು."

ಬೆಳಗ್ಗೆ ಎಂಟು ಗಂಟೆಗೆ ಪಿಳ್ಳಣ್ಣ ತಾನು ತಂದ ಮೂಟೆಯನ್ನು ಮತ್ತೆ ಕೈಗಾಡಿಗೆ ಹೇರಿ ತಳ್ಳಿಕೊಂಡು, ಈ ಸಲ ಊರ ನಡುವಿನ ಬೀದಿಯಲ್ಲೇ ಹೊರಟ. ಅಂಜಿನಮ್ಮನಿಗೆ ನಿಜ ಹೇಳಿ, ಬೇಳೆಯನ್ನು ದುಡ್ಡಿಲ್ಲದೆ ಕೊಟ್ಟು, ಕಾಲಿಗೆ ಬಿದ್ದು ಬರುವುದೆಂದು ನಿಶ್ಚಯ ಮಾಡಿಕೊಂಡಿದ್ದ. ಆದರೆ ಅವನು ಬಾಯಿ ತೆರೆಯುವ ಮೊದಲೇ ಅಂಜಿನಮ್ಮ ಮೂಟೆ ನೋಡಿದಳು.

"ಬಂತಾ! ನೋಡ್ರಮ್ಮ ಎಲ್ರೂ! ನನ್ನ ಹುಚ್ಚಿ ಅಂದ್ರಿ! ಪಿಳ್ಳಣ್ಣ ಹೇಳಿದ್ ಬೇಳೆ ತಂದವ್ನೆ!"

ಮನೆಮನೆಯಿಂದ ಜನ ಬಂದರು. ಅಂಜಿನಮ್ಮ ತನ್ನ ವನಸ್ಪತಿ ಡಬ್ಬ ತಂದಳು. ಒಂದು ಡಬ್ಬಕ್ಕೆ ಒಂದು ಕೆಜಿ ಸರಿಯಾಗಿ ಹಿಡಿಯುತ್ತಿತ್ತು. ಹದಿನೇಳು ಡಬ್ಬ ಅಳೆದು ಕೊಪ್ಪರಿಗೆಗೆ ಸುರಿದುಕೊಂಡು, ಸೆರಗಿನ ಗಂಟು ಬಿಚ್ಚಿ, "ಹದಿನಾರರ ಲೆಕ್ಕದಲ್ಲಿ ಹದಿನೇಳು ಕೆಜಿಗೆ ಇನ್ನೂರ ಎಪ್ಪತ್ತೆರಡು. ಎಣಿಸ್ಕೋ," ಎಂದು ಅವನ ಕೈಗಿಟ್ಟಳು. ಅಷ್ಟೂ ಹಳೆಯ ಹತ್ತು, ಐದು, ಎರಡರ ನೋಟು. ಪಿಳ್ಳಣ್ಣ ಮನಸ್ಸಿನಲ್ಲಿ ಇನ್ನೂ ಹತ್ತು ಕೆಜಿಗೆ ಎಷ್ಟು ಎಂಬ ಲೆಕ್ಕದಲ್ಲೇ ಇದ್ದ.

"ಈರುಳ್ಳೀಲೇ ಗೊತ್ತಾಯ್ತು, ನಾನು ಹೇಳ್ಲಿಲ್ವಾ?" ಎಂದ ಅಪ್ಪಯ್ಯಣ್ಣ. ಮೇಷ್ಟ್ರು ತಾವೇ ಒಂದು ಚೀಲ ಹಿಡಿದು ಮುಂದೆ ಬಂದಿದ್ದರು. "ನನಗೊಂದು ಐದು ಕೆಜಿ, ಹದಿನಾರರ ಲೆಕ್ಕದಲ್ಲಿ." ಅವರ ಹಿಂದೆ ಒಂದು, ಎರಡು, ಹತ್ತು ಚೀಲ. ಪಿಳ್ಳಣ್ಣ ಮೂಟೆಯನ್ನು ನೋಡಿದ. ಮೂವತ್ತಮೂರು ಕೆಜಿ ಉಳಿದಿತ್ತು. ಇವರಿಗೆಲ್ಲ ಹದಿನಾರಕ್ಕೇ ಅಳೆದುಕೊಟ್ಟುಬಿಟ್ಟರೆ ಸಾಯುವ ತನಕ ಊರಲ್ಲಿ ತಲೆಯೆತ್ತಿ ತಿರುಗಬಹುದು. ಸೈಕಲ್ ಹೇಗೂ ಹೋಗಿದೆ. ಆಸೆಯಾಯಿತು, ಸುಳ್ಳೇಕೆ ಹೇಳಬೇಕು?

ಆದರೆ ಅಂಗೈಯಲ್ಲಿದ್ದ ಅಂಜಿನಮ್ಮನ ನೋಟುಗಳು ಬೆವರಿಗೆ ಒದ್ದೆಯಾಗುತ್ತಿದ್ದವು.

"ಮೂವತ್ನಾಲ್ಕಕ್ಕೆ ತಂದೆ," ಎಂದ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಗಟ್ಟಿಯಾಗಿ ಹೇಳಿದ. "ಮೂವತ್ನಾಲ್ಕಕ್ಕೆ ತಂದೆ ಕಣ್ರಯ್ಯ! ಸೈಕಲ್ ಮಾರಿ ತಂದೆ. ನಾನು ಬರೆದ್ರೆ ಒಂದು ಕಾಳೂ ಅಲ್ಲಾಡಲ್ಲ. ನಾನು ಬರ್ದ ಕಾಗದದ ಮೇಲೆ ನಮ್ ಸಾಹೇಬ್ರು ಬೋಂಡ ತಿಂದ್ರು."

ಯಾರೂ ನಗಲಿಲ್ಲ. ಕಚೇರಿಯಲ್ಲಿ ಅಷ್ಟು ಜನ ನಕ್ಕಾಗ ಆಗದ ಅವಮಾನ ಈ ಮೌನದಲ್ಲಿ ಆಯಿತು. ಅಂಜಿನಮ್ಮ ಕೊಪ್ಪರಿಗೆಯನ್ನು ನೋಡುತ್ತ ನಿಂತಳು. ತುಟಿ ಅಲ್ಲಾಡುತ್ತಿತ್ತು.

"ಮೂಟೆ ಬಾಯಿ ಹಿಡಿ," ಎಂದಳು.

"ಬೇಡ ಅಂಜಿನಮ್ಮ, ಎಲ್ಲಾ ನೀನೇ ಇಟ್ಕೋ. ನನ್ನಿಂದ ತಾನೇ..."

"ಬಾಯಿ ಹಿಡಿ ಅಂದೆ."

ಪಿಳ್ಳಣ್ಣ ಮೂಟೆಯ ಬಾಯಿಯನ್ನು ಅಗಲ ಹಿಡಿದ. ಅಂಜಿನಮ್ಮ ಡಬ್ಬದಲ್ಲಿ ಮೊಗೆದು, ಮೇಲೆ ಕೈಯಿಂದ ಸವರಿ ಸಮ ಮಾಡಿ, ಊರೆಲ್ಲ ನೋಡುತ್ತಿದ್ದ ಹಾಗೆ ವಾಪಸ್ಸು ಸುರಿದಳು. ಒಂದು. ಎರಡು. ಮೂರು. ನಾಲ್ಕು. ಐದು. ಅಲ್ಲಿಗೆ ನಿಲ್ಲಿಸಿದಳು.

"ನನ್ ದುಡ್ಡಿಗೆ ಇವತ್ತು ಎಂಟು ಕೆಜಿ ಬರುತ್ತೆ. ಅವತ್ತು ಇಪ್ಪತ್ತೆರಡಿದ್ದಾಗ ಕೊಂಡಿದ್ರೆ ಹನ್ನೆರಡು ಬರ್ತಿತ್ತು. ನಿನ್ ಮಾತು ಕೇಳಿ ನಾನು ಕಳ್ಕೊಂಡಿದ್ದು ನಾಲ್ಕು. ಆ ನಾಲ್ಕು ನೀನು ಕೊಡ್ಬೇಕು, ಇಟ್ಕೊಂಡಿದ್ದೀನಿ. ಅದಕ್ಕಿಂತ ಒಂದು ಕಾಳು ನಿನ್ ಹತ್ರ ನಂಗೆ ಬೇಡ."

ಸರಿಯಾಗಿತ್ತು. ಇಪ್ಪತ್ತೆರಡು ಸಾಮಾನಿನ ಬೆಲೆ ಬರೆಯುತ್ತಿದ್ದವನಿಗೆ ಅದು ಸರಿ ಎಂದು ತಿಳಿಯಲು ಬೆರಳು ಮಡಚಬೇಕಾಯಿತು. ಅವನು ಇನ್ನೂ ಮೂಟೆಯ ಬಾಯಿ ಹಿಡಿದುಕೊಂಡೇ ನಿಂತಿದ್ದ.

"ಇನ್ನೂ ಯಾಕೆ ನಿಂತಿದ್ದೀಯ? ನಾಳೆಗೆ ಬೇಳೆ ಆರಿಸ್ಬೇಕು ನಾನು. ಹೋಗು, ಮೂವತ್ನಾಲ್ಕಕ್ಕೆ ತಗೊಳ್ಳೋರಿದ್ರೆ ಮಾರ್ಕೋ," ಎಂದಳು ಅಂಜಿನಮ್ಮ.

ಪಿಳ್ಳಣ್ಣ ತಿರುಗಿ ನೋಡಿದ. ಬೀದಿಯಲ್ಲಿದ್ದವರೆಲ್ಲ ಅವನ ಮುಖ ನೋಡದೆ, ತಂದ ಚೀಲಗಳನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು.